ಟಿವಿ ಕೊಳ್ಳುವ ಮುನ್ನ ಟೇಪು ಹಿಡಿಯಿರಿ

ನಾನು ಮೊದಲು ಕೆಲಸಕ್ಕೆ ಸೇರಿದ್ದು ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬ ಈಗ ಅಡಿಕೆ ಬೆಳೆಗಾರ. ಅವನ ಮಗ ಒಂಬತ್ತನೇ ತರಗತಿ. ಕಳೆದ ತಿಂಗಳು ಒಂದು ಭಾನುವಾರ ಅಪ್ಪ ಮಗ ಇಬ್ಬರೂ ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಮಗನ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿಕೊಂಡ ಜಾಹೀರಾತು. 65 ಅಂಗುಲದ ಟಿವಿ, ಆಟ ಆಡುವ ಕನ್ಸೋಲು, ಜತೆಗೆ ಸೌಂಡ್ ಬಾರು. ಮೂರೂ ಸೇರಿ ಒಂದೂವರೆ ಲಕ್ಷದ ಹತ್ತಿರ. ಕೆಳಗೆ ದಪ್ಪಕ್ಷರದಲ್ಲಿ ‘ಸೊನ್ನೆ ಬಡ್ಡಿ, ಸುಲಭ ಕಂತು’.

“ಸಾರ್, ಅಡಿಕೆ ದುಡ್ಡು ಬಂದೈತೆ. ಇವನು ಬಿಡ್ತಾ ಇಲ್ಲ. ತಗಂಡ್ರೆ ಯಾವ್ದು ತಗಳ್ಳಾದು, ನೀವೇ ಹೇಳಿಬಿಡಿ” ಎಂದ ಅಪ್ಪ.

ನಾನು ಹುಡುಗನನ್ನು ಕೇಳಿದೆ: “ನಿಮ್ಮ ಹಾಲಿನಲ್ಲಿ ನೀವು ಕೂರುವ ಜಾಗಕ್ಕೂ ಟಿವಿ ಇಡುವ ಗೋಡೆಗೂ ಎಷ್ಟು ಅಡಿ ಇದೆಯಪ್ಪ?”

ಹುಡುಗ ಅಪ್ಪನ ಮುಖ ನೋಡಿದ. ಅಪ್ಪನಿಗೂ ಗೊತ್ತಿರಲಿಲ್ಲ.

“ತೋಟಕ್ಕೆ ಡ್ರಿಪ್ ಪೈಪು ತರುವಾಗ ಏನು ಮಾಡ್ತೀಯ?”

“ಸಾಲು ಅಳೆದೇ ತರದು ಸಾರ್” ಎಂದ. ಹಾಗೆಂದವನೇ ನಕ್ಕುಬಿಟ್ಟ.

ಇವತ್ತಿನ ಪಾಠ ಇಷ್ಟೇ. ಟಿವಿಯ ಪೆಟ್ಟಿಗೆಯ ಮೇಲೆ ಹತ್ತಾರು ಅಂಕಿಗಳಿರುತ್ತವೆ. ಆದರೆ ಯಾವ ಅಂಕಿ ನಮಗೆ ಬೇಕು ಎಂಬುದನ್ನು ಹೇಳುವುದು ನಮ್ಮ ಮನೆ. ನಮ್ಮ ಗೋಡೆ, ನಮ್ಮ ಕಣ್ಣು, ನಮ್ಮ ಕಿವಿ, ನಮ್ಮ ಕರೆಂಟು. ಇವನ್ನು ಅಳೆಯಲು ಬೇಕಾಗುವುದು ಒಂದು ಟೇಪು, ಒಂದು ಕನ್ನಡಿ, ನಾಲ್ಕು ಹಳೆಯ ಪತ್ರಿಕೆ ಮತ್ತು ಹೈಸ್ಕೂಲಿನ ಗಣಿತ. ಈ ಉಪದೇಶ ಮಾಡುವ ನಾನೇ ಒಮ್ಮೆ ಅಳೆಯದೆ ಕೊಂಡು ತಪ್ಪಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಎಷ್ಟು ದೊಡ್ಡದು?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ತೀರ ಮುಂದಿನ ಮೆಟ್ಟಿಲಲ್ಲಿ ಕೂತರೆ ರಂಗದ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸುತ್ತಲೇ ಇರಬೇಕು. ತೀರ ಹಿಂದೆ ಕೂತರೆ ನಟರ ಮುಖಭಾವ ಕಾಣುವುದಿಲ್ಲ. ನಡುವೆ ಎಲ್ಲೋ ಹಿತವಾದ ಜಾಗ ಇರುತ್ತದೆ. ಅಂದರೆ ಮುಖ್ಯವಾದದ್ದು ರಂಗದ ಅಗಲ ಒಂದೇ ಅಲ್ಲ, ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ.

ಸಿನಿಮಾ ನೋಡುವುದಕ್ಕೆ ಪರದೆಯ ಅಗಲ ಕಣ್ಣಿಗೆ ಸುಮಾರು 30 ಡಿಗ್ರಿ ಕೋನ ಮಾಡಬೇಕು ಎಂಬುದು ಚಿತ್ರರಂಗದ ತಂತ್ರಜ್ಞರು ಇಟ್ಟುಕೊಂಡ ಅಳತೆ. ವಿದ್ಯಾರ್ಥಿಗಳೇ, ಇದನ್ನು ಕೋನಮಾಪಕ ಇಲ್ಲದೆಯೂ ಅಳೆಯಬಹುದು. ಕೈಯನ್ನು ನೇರವಾಗಿ ಮುಂದೆ ಚಾಚಿ ಮುಷ್ಟಿ ಕಟ್ಟಿ. ಆ ಮುಷ್ಟಿಯ ಅಗಲ ನಿಮ್ಮ ಕಣ್ಣಿಗೆ ಸುಮಾರು 10 ಡಿಗ್ರಿ. ಮೂರು ಮುಷ್ಟಿ ಅಕ್ಕಪಕ್ಕ ಇಟ್ಟರೆ 30 ಡಿಗ್ರಿ. ಪರದೆ ಮೂರು ಮುಷ್ಟಿಯಷ್ಟು ಅಗಲ ಕಂಡರೆ ಸಿನಿಮಾಕ್ಕೂ ಆಟಕ್ಕೂ ಹೊಂದುತ್ತದೆ. ಎರಡು ಮುಷ್ಟಿಯಷ್ಟು ಕಂಡರೆ ವಾರ್ತೆ, ಧಾರಾವಾಹಿಗೆ ಸಾಕು.

ಇದನ್ನೇ ಲೆಕ್ಕಕ್ಕೆ ಇಳಿಸೋಣ. ಕೂರುವ ಜಾಗದಿಂದ ಗೋಡೆಗೆ ಇರುವ ದೂರವನ್ನು ಅಂಗುಲದಲ್ಲಿ ಬರೆದುಕೊಳ್ಳಿ. ಅದನ್ನು 1.6ರಿಂದ ಭಾಗಿಸಿದರೆ ಹಿತವಾಗಿ ನೋಡಬಹುದಾದ ದೊಡ್ಡ ಟಿವಿಯ ಅಳತೆ ಬರುತ್ತದೆ. 2.5ರಿಂದ ಭಾಗಿಸಿದರೆ ಚಿಕ್ಕ ಟಿವಿಯ ಅಳತೆ ಬರುತ್ತದೆ. ದೂರ 8 ಅಡಿ ಇದ್ದರೆ 96 ಅಂಗುಲ. ದೊಡ್ಡದು 60, ಚಿಕ್ಕದು 38. ಈ ಎರಡರ ನಡುವೆ ಯಾವುದನ್ನು ತಂದರೂ ತಪ್ಪಿಲ್ಲ. 65 ತಂದರೆ ಮುಂದಿನ ಮೆಟ್ಟಿಲಿನ ಪ್ರೇಕ್ಷಕರಾಗುತ್ತೇವೆ.

ಟಿವಿಯ ಅಂಗುಲ ಎಂದರೆ ಕರ್ಣದ ಉದ್ದ ಎಂಬುದು ನೆನಪಿರಲಿ. ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 16:9. ಪೈಥಾಗೊರಸ್ ಪ್ರಮೇಯ ಹಾಕಿದರೆ ಅಗಲ ಎಂದರೆ ಕರ್ಣದ 0.87ರಷ್ಟು. ಹಾಗಾಗಿ 43 ಅಂಗುಲದ ಪರದೆಯ ಅಗಲ 3 ಅಡಿಗಿಂತ ಸ್ವಲ್ಪ ಹೆಚ್ಚು, 55 ಅಂಗುಲದ್ದು ಸರಿಯಾಗಿ 4 ಅಡಿ, 65 ಅಂಗುಲದ್ದು 4 ಅಡಿ 9 ಅಂಗುಲ. ಪೆಟ್ಟಿಗೆಯ ಮೇಲೆ ಸೆಂಟಿಮೀಟರಿನ ಅಂಕಿಯೂ ಇರುತ್ತದೆ. 43 ಎಂದು ಮಾರುವ ಟಿವಿಯ ಮೇಲೆ ಬಹಳ ಸಲ 108 ಸೆಂ.ಮೀ. ಎಂದಿರುತ್ತದೆ. 2.54ರಿಂದ ಭಾಗಿಸಿ ನೋಡಿ, ನಿಜವಾದ ಅಳತೆ 42.5 ಅಂಗುಲ. ನಂಬಬೇಕಾದದ್ದು ಸೆಂಟಿಮೀಟರಿನ ಅಂಕಿಯನ್ನು.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಟಿವಿಯ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿ. ಎರಡು ದಿನ ಹಾಗೇ ಬಿಡಿ. ಬಾಗಿಲು ತೆರೆಯಲು ಅಡ್ಡವಾಗುತ್ತದೆಯೇ, ದೇವರ ಗೂಡಿಗೆ ತಾಗುತ್ತದೆಯೇ, ಅಜ್ಜಿ ಏನನ್ನುತ್ತಾರೆ, ಎಲ್ಲ ತಿಳಿಯುತ್ತದೆ.

ಕನ್ನಡಿ ಪರೀಕ್ಷೆ

ನಮ್ಮ ಬಯಲುಸೀಮೆಯಲ್ಲಿ ಬೆಳಕಿಗೆ ಬರವಿಲ್ಲ. ಸಂಜೆ ನಾಲ್ಕಕ್ಕೆ ಪಶ್ಚಿಮದ ಕಿಟಕಿಯಿಂದ ಬರುವ ಬಿಸಿಲು ಎಂಥ ಟಿವಿಯನ್ನೂ ಮಂಕಾಗಿಸುತ್ತದೆ. ಮಕ್ಕಳು ಶಾಲೆಯಿಂದ ಬಂದು ಟಿವಿ ಮುಂದೆ ಕೂರುವುದೂ ಅದೇ ಹೊತ್ತಿಗೆ.

ಟಿವಿ ಬರುವ ಜಾಗದಲ್ಲಿ ಒಬ್ಬರು ಮುಖ ನೋಡುವ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಯಲಿ. ಇನ್ನೊಬ್ಬರು ಕೂರುವ ಜಾಗದಲ್ಲಿ ಕೂತು ನೋಡಲಿ. ಕನ್ನಡಿಯನ್ನು ಪರದೆಯ ಅಗಲಕ್ಕೂ ಸರಿಸುತ್ತಾ ಹೋಗಿ. ಎಲ್ಲಿ ಕಿಟಕಿ ಅಥವಾ ಟ್ಯೂಬ್‌ಲೈಟು ಕಾಣುತ್ತದೋ ಅಲ್ಲಿ ಪರದೆಯ ಮೇಲೂ ಅದೇ ಹೊಳೆಯುತ್ತದೆ. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂದು ಪರೀಕ್ಷೆಯಲ್ಲಿ ಬರೆಯುತ್ತೀರಲ್ಲ, ಆ ನಿಯಮವೇ ಇದು. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಹೆಚ್ಚು ಪ್ರಕಾಶದ ಟಿವಿ ಕೊಳ್ಳುವ ಬದಲು ಗೋಡೆ ಬದಲಿಸಬಹುದು, ಇಲ್ಲವೇ ಒಂದು ದಪ್ಪ ಪರದೆ ಇಳಿಬಿಡಬಹುದು.

ಎತ್ತರವನ್ನೂ ಅಳೆಯಿರಿ. ಕುರ್ಚಿಯಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಚಾಪೆಯ ಮೇಲೆ ಕೂತರೆ ಎರಡೂವರೆ ಅಡಿ. ಪರದೆಯ ನಡುಮಧ್ಯ ಈ ಎತ್ತರಕ್ಕೆ ಹತ್ತಿರ ಇರಬೇಕು. ಶೋಕೇಸಿನ ಮೇಲೆ ಆರಡಿ ಎತ್ತರದಲ್ಲಿ ತೂಗುಹಾಕಿ ಆಮೇಲೆ ಕತ್ತುನೋವು ಎನ್ನುವವರನ್ನು ನಾನು ನೋಡಿದ್ದೇನೆ. ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ಬೋಲ್ಟು ಹೊಡೆಯುವ ಸಾಹಸ ಬೇಡ. ಗಟ್ಟಿಯಾದ ಮೇಜಿನ ಮೇಲೆ ಇಡುವುದೇ ಸರಿ.

ಫೋರ್ ಕೆ ಎಂದರೇನು, ಎಷ್ಟು ಬೇಕು?

ರಾತ್ರಿ ಹಿರಿಯೂರಿನ ಹೆದ್ದಾರಿಯಲ್ಲಿ ನಿಂತು ದೂರದಿಂದ ಬರುವ ಲಾರಿಯನ್ನು ನೋಡಿ. ಬಹಳ ದೂರದಲ್ಲಿ ಒಂದೇ ದೀಪ ಕಾಣುತ್ತದೆ. ಹತ್ತಿರ ಬಂದಂತೆ ಅದು ಎರಡು ದೀಪವಾಗಿ ಒಡೆಯುತ್ತದೆ. ಎರಡು ಬಿಂದುಗಳು ಬೇರೆಬೇರೆ ಎಂದು ಗುರುತಿಸಲು ಅವು ಕಣ್ಣಿನಲ್ಲಿ ಕನಿಷ್ಠ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನ ಮಾಡಬೇಕು. ಆರೋಗ್ಯವಂತ ಕಣ್ಣಿನ ಮಿತಿ ಸುಮಾರು ಅಷ್ಟು.

ಟಿವಿಯ ಚಿತ್ರವೂ ಇಂಥ ಬಿಂದುಗಳಿಂದಲೇ ಆದದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು. ಫೋರ್ ಕೆ ಪರದೆಯಲ್ಲಿ 3840 ಮತ್ತು 2160. ಈಗ 55 ಅಂಗುಲದ ಟಿವಿ ತೆಗೆದುಕೊಳ್ಳಿ. ಅಗಲ ಸುಮಾರು 1220 ಮಿಲಿಮೀಟರ್. 1920ರಿಂದ ಭಾಗಿಸಿದರೆ ಒಂದು ಬಿಂದುವಿನ ಅಗಲ 0.635 ಮಿ.ಮೀ. ಇದನ್ನು 3438ರಿಂದ ಗುಣಿಸಿದರೆ ಕಣ್ಣಿಗೆ ಬಿಂದುಗಳು ಬೆರೆತುಹೋಗುವ ದೂರ ಸಿಗುತ್ತದೆ. ಅದು ಸುಮಾರು 2.2 ಮೀಟರ್, ಅಂದರೆ 7 ಅಡಿಗಿಂತ ಸ್ವಲ್ಪ ಹೆಚ್ಚು. ಎಂಟು ಅಡಿ ದೂರದಲ್ಲಿ ಕೂತವರ ಕಣ್ಣಿಗೆ ಫುಲ್ ಎಚ್‌ಡಿಯ ಬಿಂದುಗಳೇ ಬೆರೆತುಹೋಗಿರುತ್ತವೆ. ಫೋರ್ ಕೆಯ ಪೂರ್ತಿ ಲಾಭ ಬೇಕಾದರೆ ಇನ್ನೂ ಹತ್ತಿರ ಹೋಗಬೇಕು.

ಈಗ ಅಂಗಡಿಯಲ್ಲಿ ಸಿಗುವ 50, 55 ಅಂಗುಲದ ಟಿವಿಗಳೆಲ್ಲ ಬಹುಮಟ್ಟಿಗೆ ಫೋರ್ ಕೆಯೇ. ಬೇಡ ಎಂದರೂ ಬರುತ್ತದೆ, ಬರಲಿ. ಆದರೆ 32 ಅಂಗುಲಕ್ಕೆ ಫೋರ್ ಕೆ ಹುಡುಕಬೇಡಿ. ಸಾಮಾನ್ಯ ಮನೆಗೆ ಏಯ್ಟ್ ಕೆ ಎಂಬುದರ ಕಡೆ ತಿರುಗಿ ನೋಡುವುದೂ ಬೇಡ.

ಇನ್ನೊಂದು ಮಾತು. ನಮ್ಮ ಜಿಲ್ಲೆಯವರಿಗೆ ಮಾರಿಕಣಿವೆ ಗೊತ್ತು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟೆ ದೊಡ್ಡದಿದ್ದರೆ ಸಾಲದು, ಮೇಲಿನಿಂದ ನೀರು ಬರಬೇಕು. ಟಿವಿಯೂ ಹಾಗೆಯೇ. ಡಿಶ್ ಅಥವಾ ಕೇಬಲ್ಲಿನಲ್ಲಿ ಬರುವ ಸಾಮಾನ್ಯ ಚಾನೆಲಿನ ಚಿತ್ರದಲ್ಲಿ ಇರುವುದು 720 ಮತ್ತು 576 ಬಿಂದುಗಳು, ಗುಣಿಸಿದರೆ ಸುಮಾರು 4.15 ಲಕ್ಷ. ಫೋರ್ ಕೆ ಪರದೆಯಲ್ಲಿರುವುದು ಸುಮಾರು 83 ಲಕ್ಷ. ಸರಿಯಾಗಿ 20 ಪಟ್ಟು. ಅಂದರೆ ಒಂದು ನಿಜವಾದ ಬಿಂದುವಿನಿಂದ ಟಿವಿಯು 20 ಬಿಂದುಗಳನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ನಮ್ಮ ಕೋಟೆಯಲ್ಲೇ ಚಿತ್ರೀಕರಿಸಿದ 1972ರ ‘ನಾಗರಹಾವು’ ಸಿನಿಮಾವನ್ನು ಅಂಥ ಚಾನೆಲಿನಲ್ಲಿ ನೋಡಿದರೆ, ಟಿವಿ ಎಷ್ಟೇ ದುಬಾರಿಯಾದರೂ ಕೋಟೆಯ ಕಲ್ಲುಗಳು ಚೂಪಾಗಿ ಕಾಣುವುದಿಲ್ಲ. ಚಿಕ್ಕ ಪರದೆಯಲ್ಲಿ ಚೆನ್ನಾಗಿ ಕಂಡದ್ದು ದೊಡ್ಡದರಲ್ಲಿ ಮಸುಕಾಗಿಯೂ ಕಾಣಬಹುದು.

ಅಂತರಜಾಲದಿಂದ ಫೋರ್ ಕೆ ಚಿತ್ರ ನೋಡಲು ಸೆಕೆಂಡಿಗೆ ಸುಮಾರು 15 ಮೆಗಾಬಿಟ್ ವೇಗ ಬೇಕು. ಗಂಟೆಗೆ ಸುಮಾರು 7 ಜಿಬಿ ಖರ್ಚು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಪ್ಪತ್ತು ನಿಮಿಷವೂ ನಡೆಯುವುದಿಲ್ಲ. ಊರಿಗೆ ಫೈಬರ್ ಸಂಪರ್ಕ ಬಂದಿದೆಯೇ ಎಂದು ಮೊದಲು ವಿಚಾರಿಸಿ.

ಆಟಕ್ಕೆ ಬೇಕಾದದ್ದು ಬೇರೆ

ಈಗ ಹುಡುಗರು ಕಿವಿ ನಿಮಿರಿಸುವ ವಿಷಯ. ಆಟದಲ್ಲಿ ಚಿತ್ರದ ಚೆಂದಕ್ಕಿಂತ ಸಮಯ ಮುಖ್ಯ. ನೀವು ಗುಂಡಿ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಬ್ಯಾಟು ಬೀಸಿದ ಕ್ಷಣಕ್ಕೂ ನಡುವೆ ತಡ ಇರುತ್ತದೆ. ಟಿವಿಯು ಚಿತ್ರವನ್ನು ಅಂದಗೊಳಿಸಲು ತೆಗೆದುಕೊಳ್ಳುವ ಕಾಲ ಅದರಲ್ಲಿ ದೊಡ್ಡ ಪಾಲು. ಸಾಮಾನ್ಯ ಸ್ಥಿತಿಯಲ್ಲಿ ಅದು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಹೋಗಬಹುದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ ಸುಮಾರು 3.9 ಮೀಟರ್ ಸಾಗಿರುತ್ತದೆ. ಕ್ಲೀನ್ ಬೌಲ್ಡ್! ಟಿವಿಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಎಂಬುದನ್ನು ಹಾಕಿದರೆ ಅಂದಗೊಳಿಸುವ ಕೆಲಸ ನಿಂತು ಈ ತಡ ಬಹಳ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಟಿವಿಯಲ್ಲೂ ಇದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ‘ಹೊಸ ಟಿವಿ ಬೇಕು’ ಎಂಬ ಹಟ ಇಲ್ಲಿಗೇ ಮುಗಿಯಬಹುದು.

ಇನ್ನೊಂದು ಅಂಕಿ ಹರ್ಟ್ಸ್. 60 ಹರ್ಟ್ಸ್ ಎಂದರೆ ಸೆಕೆಂಡಿಗೆ 60 ಚಿತ್ರ, ಒಂದೊಂದಕ್ಕೆ 16.7 ಮಿಲಿಸೆಕೆಂಡು. 120 ಹರ್ಟ್ಸ್ ಎಂದರೆ 8.3. ಸಿನಿಮಾದಲ್ಲಿ ಇರುವುದು ಸೆಕೆಂಡಿಗೆ 24 ಚಿತ್ರ ಮಾತ್ರ. ಆದ್ದರಿಂದ ಸಿನಿಮಾ, ಧಾರಾವಾಹಿ, ವಾರ್ತೆಗೆ 60 ಧಾರಾಳ. 120 ಬೇಕಾಗುವುದು ಅಷ್ಟು ಚಿತ್ರ ಕಳಿಸಬಲ್ಲ ಕನ್ಸೋಲು ಅಥವಾ ಕಂಪ್ಯೂಟರು ಇದ್ದಾಗ. ಜತೆಗೆ ಟಿವಿಯಲ್ಲಿ ಎಚ್‌ಡಿಎಂಐ 2.1 ಕಿಂಡಿ ಇದ್ದಾಗ. ಹಳೆಯ 2.0ಯಲ್ಲಿ ಫೋರ್ ಕೆ ಚಿತ್ರ 60ಕ್ಕೆ ನಿಲ್ಲುತ್ತದೆ. ‘ಮೋಷನ್ 120’, ‘ಮೋಷನ್ 200’ ಎಂದೆಲ್ಲ ಬರೆದಿದ್ದರೆ ಮೋಸಹೋಗಬೇಡಿ. ಪರದೆಯ ನಿಜವಾದ ಹರ್ಟ್ಸ್ ಎಷ್ಟು ಎಂದೇ ಕೇಳಿ.

ಎಚ್‌ಡಿಆರ್ ಎಂಬ ಪದವೂ ಹೀಗೆಯೇ. ಪರದೆಗೆ ಸಾಕಷ್ಟು ಪ್ರಕಾಶ ಇಲ್ಲದಿದ್ದರೆ ಆ ಚೀಟಿ ಬರೀ ಚೀಟಿ. ಪ್ರಕಾಶವನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಅಗ್ಗದ ಟಿವಿಗಳಲ್ಲಿ 250ರಿಂದ 300 ಇರುತ್ತದೆ, ಎಚ್‌ಡಿಆರ್ ಮೆರುಗು ಕಾಣಲು ಅದರ ಎರಡರಷ್ಟಾದರೂ ಬೇಕು. ಅಂಗಡಿಯಲ್ಲಿ ಟಿವಿಯ ಎದುರು ಮಾತ್ರ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನೋಡಿ. ಕೆಲವು ಪರದೆಗಳಲ್ಲಿ ಕಪ್ಪು ಬಣ್ಣ ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ಕೆಲವು ಪಕ್ಕಕ್ಕೂ ಸರಿಯಾಗಿ ಕಾಣುತ್ತವೆ, ಆದರೆ ಕಪ್ಪು ಬೂದಿಯಾಗಿರುತ್ತದೆ. ಹತ್ತು ಜನ ಸುತ್ತ ಕೂತು ನೋಡುವ ಮನೆಗೆ ಎರಡನೆಯದು ಸರಿ.

ಕನ್ಸೋಲಿನ ಬೆಲೆ ಸುಮಾರು 50 ಸಾವಿರ ಎಂದಿಟ್ಟುಕೊಳ್ಳಿ. ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ಹೊಸ ದೊಡ್ಡ ಆಟ ಒಂದಕ್ಕೆ ಮೂರರಿಂದ ಐದು ಸಾವಿರ. ಇಂಥ ಒಂದು ಆಟ 100 ಜಿಬಿವರೆಗೂ ಇರಬಹುದು. ದಿನಕ್ಕೆ 2 ಜಿಬಿ ಬರುವ ಮನೆಯಲ್ಲಿ ಅದು ಇಳಿಯಲು 50 ದಿನ!

ಪಾಲಕರಿಗೆ ಒಂದು ಎಚ್ಚರಿಕೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೇ ಬೇರೆ, ನಾನು ಹೇಳುತ್ತಿರುವ ಆಟಗಳೇ ಬೇರೆ. ಮೊದಲನೆಯವನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಮಗ ‘ಆಟ’ ಎಂದಾಗ ಯಾವ ಆಟ ಎಂದು ಕೇಳಿ.

ನಾನು ಮಾಡಿದ ತಪ್ಪು

2019ರ ದೀಪಾವಳಿಗೆ ನಾನು 55 ಅಂಗುಲದ ಫೋರ್ ಕೆ ಟಿವಿ ತಂದೆ. ಮನೆಯಲ್ಲಿದ್ದದ್ದು 21 ಅಂಗುಲದ ಹಳೆಯ ಡಬ್ಬಿ ಟಿವಿ. ಅಮ್ಮನಿಗೆ ಕಣ್ಣು ಮಂಜಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಧಾರಾವಾಹಿ ದೊಡ್ಡದಾಗಿ ಕಾಣಲಿ ಎಂಬುದು ನನ್ನ ಆಸೆ. ಬಿಂದು, ಹರ್ಟ್ಸ್, ಪ್ರಕಾಶ, ಎಲ್ಲ ಓದಿಕೊಂಡೇ ಹೋಗಿದ್ದೆ. ಅಮ್ಮ “ಚೆನ್ನಾಗೈತೆ ಕಣಪ್ಪ” ಎಂದರು. ಎರಡು ವಾರ ಕೂತರು. ಆಮೇಲೆ ಸಂಜೆ ಹೊತ್ತು ಜಗಲಿಯಲ್ಲಿ ಕೂರತೊಡಗಿದರು. ಕೇಳಿದರೆ “ಬೇಜಾರು” ಎನ್ನುತ್ತಿದ್ದರು. ಮತ್ತೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಕಣ್ಣು ಸರಿಯಾಗಿದೆ ಎಂದರು.

ಬೇಸಿಗೆಯಲ್ಲಿ ಬಂದ ತಂಗಿಯ ಮಗಳು ಅಜ್ಜಿಯ ಪಕ್ಕ ಕೂತು ಟಿವಿ ನೋಡುತ್ತಾ ಕೇಳಿದಳು: “ಅಜ್ಜಿ, ಈಗ ಅವಳು ಏನಂದಳು?” ಅಮ್ಮ ಹೇಳಿದರು: “ತುಟಿ ಆಡ್ತಾವೆ ಮಗ, ಮಾತು ಗೊತ್ತಾಗಲ್ಲ.”

ಹಳೆಯ ಟಿವಿಯ ಸ್ಪೀಕರು ಮುಂದಕ್ಕೆ ಮುಖ ಮಾಡಿತ್ತು. ಹೊಸ ತೆಳು ಟಿವಿಯ ಪುಟ್ಟ ಸ್ಪೀಕರು ಹಿಂದೆ, ಕೆಳಮುಖವಾಗಿತ್ತು. ಮೇಲೆ ಸಿಮೆಂಟಿನ ತಾರಸಿ, ಕೆಳಗೆ ಟೈಲ್ಸ್. ಮಾತು ಗೋಡೆಗೆ ಬಡಿದು ಮಾರ್ದನಿಗೊಂಡು ಕಲಸಿಹೋಗುತ್ತಿತ್ತು. ಶಬ್ದ ಜೋರು ಮಾಡಿದರೆ ಮಾರ್ದನಿಯೂ ಜೋರು. ಮಾರ್ದನಿಯ ಪಾಠವನ್ನು ಇಪ್ಪತ್ತೈದು ವರ್ಷ ಮಾಡಿದ ನನಗೆ ನನ್ನ ಮನೆಯಲ್ಲಿ ಅದು ಹೊಳೆಯಲಿಲ್ಲ. ಅಮ್ಮ ಏನು ನೋಡಬೇಕು ಎಂದು ಯೋಚಿಸಿದೆನೇ ಹೊರತು, ಅವರಿಗೆ ಏನು ಬೇಕು ಎಂದು ಕೇಳಲಿಲ್ಲ.

ನಾಲ್ಕು ಸಾವಿರದ ಎರಡು ಸ್ಪೀಕರು ತಂದು ಟಿವಿಯ ಎರಡು ಪಕ್ಕ, ಅಮ್ಮನ ಕಡೆ ಮುಖ ಮಾಡಿ ಇಟ್ಟೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಒಂದು ಜಮಖಾನ. ಅಮ್ಮ ಮತ್ತೆ ಬಂದು ಕೂತರು. ಇನ್ನೆರಡು ವರ್ಷ, ಕೊನೆಯವರೆಗೂ, ಸಂಜೆಯ ಧಾರಾವಾಹಿ ತಪ್ಪಿಸಲಿಲ್ಲ. ಅದಕ್ಕೆ ಮುಂಚೆ ಅವರು ಜಗಲಿಯಲ್ಲಿ ಒಬ್ಬರೇ ಕೂತ ಆ ಕೆಲವು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತವೆ.

ನೀವೂ ಪರೀಕ್ಷಿಸಿ. ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಪ್’ ಎಂದು ನಿಂತರೆ ಒಳ್ಳೆಯದು. ‘ಟಣ್’ ಎಂದು ಎಳೆದರೆ ಬಟ್ಟೆ, ಜಮಖಾನ, ಪುಸ್ತಕದ ಬೀರು ಬೇಕು. ಮನೆಯಲ್ಲಿ ಹಿರಿಯರಿದ್ದರೆ ಟಿವಿಯ ಅಳತೆಯಲ್ಲಿ ಐದು ಅಂಗುಲ ಇಳಿಸಿ, ಆ ಹಣವನ್ನು ಧ್ವನಿಗೆ ಹಾಕಿ.

ಕರೆಂಟು, ಸಿಡಿಲು, ಕಂತು

55 ಅಂಗುಲದ ಎಲ್‌ಇಡಿ ಟಿವಿ ಸುಮಾರು 100 ವ್ಯಾಟ್, ದೊಡ್ಡ ಕನ್ಸೋಲು ಆಟದ ವೇಳೆ ಸುಮಾರು 200 ವ್ಯಾಟ್ ಎಳೆಯುತ್ತವೆ. ದಿನಕ್ಕೆ ಟಿವಿ 4 ಗಂಟೆ, ಕನ್ಸೋಲು 2 ಗಂಟೆ ಎಂದರೆ ತಿಂಗಳಿಗೆ 24 ಯೂನಿಟ್. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದಾಗ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಹಾಕಿದ್ದು ನೆನಪಿರಲಿ. ಬೆಸ್ಕಾಂ ಬಿಲ್ಲು ತೆಗೆದು ನಿಮ್ಮ ಮನೆ ಮಿತಿಗೆ ಎಷ್ಟು ಹತ್ತಿರದಲ್ಲಿದೆ ನೋಡಿ.

ಇನ್ವರ್ಟರ್ ಇದ್ದರೆ ಇನ್ನೊಂದು ಲೆಕ್ಕ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ. ಕೈಗೆ ಸಿಗುವುದು ಅದರ ಮೂರನೇ ಎರಡು ಭಾಗ, 1200 ಎನ್ನೋಣ. ಟಿವಿ, ಫ್ಯಾನು, ಎರಡು ಬಲ್ಬು, ರೌಟರು ಸೇರಿ 205 ವ್ಯಾಟ್ ಆದರೆ ಸುಮಾರು 6 ಗಂಟೆ. ಕನ್ಸೋಲು ಸೇರಿದರೆ 405 ವ್ಯಾಟ್, 3 ಗಂಟೆಯೂ ಬರುವುದಿಲ್ಲ. ಮಾರ್ಚಿಯಲ್ಲಿ ಅಕ್ಕ ಪರೀಕ್ಷೆಗೆ ಓದುತ್ತಿರುವಾಗ ತಮ್ಮ ಆಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ವರ್ಟರ್ ಹೊಸದಾಗಿ ಕೊಳ್ಳುವುದಾದರೆ ಸೈನ್ ವೇವ್ ಇರುವುದನ್ನೇ ಕೊಳ್ಳಿ.

ಹಿರಿಯೂರಿನಲ್ಲಿದ್ದಾಗ ಭರಣಿ ಮಳೆಯ ಒಂದು ಸಂಜೆ ನೆರೆಮನೆಯ ಟಿವಿ ಸುಟ್ಟುಹೋಯಿತು. ಅವರು ಸ್ವಿಚ್ಚು ಆರಿಸಿದ್ದರು, ಪ್ಲಗ್ಗು ಕಿತ್ತಿರಲಿಲ್ಲ. ಡಿಶ್ಶಿನ ತಂತಿಯೂ ಹಾಗೇ ಇತ್ತು. ಸಿಡಿಲಿಗೆ ಸ್ವಿಚ್ಚಿನ ಚಿಕ್ಕ ಸಂದು ಲೆಕ್ಕಕ್ಕಿಲ್ಲ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ, ಎರಡನ್ನೂ ಕೀಳಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಬೇಡಿ. ಮನೆಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ.

ಕಂತಿನ ಮಾತು. 2013ರಲ್ಲೇ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿ ಎಂಬುದು ಇಲ್ಲವೆಂದು ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಬೆಲೆಯೊಳಗೋ ಸೇವಾ ಶುಲ್ಕದೊಳಗೋ ಅಡಗಿ ಕೂತಿರುತ್ತದೆ. ‘ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?’ ಎಂದು ಕೇಳಿ. ಎರಡರ ವ್ಯತ್ಯಾಸವೇ ಬಡ್ಡಿ. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 30 ಸಾವಿರ ಮೂಲಬೆಲೆಯ ಟಿವಿಗೆ ಮೊದಲು 38,400 ಆಗುತ್ತಿದ್ದದ್ದು ಈಗ 35,400. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಹುಡುಗನ ಲೆಕ್ಕದ ಪುಸ್ತಕ

ಹೊಳಲ್ಕೆರೆಯ ಆ ಹುಡುಗನಿಗೆ ಇಷ್ಟನ್ನೂ ಬರೆಸಿ ಕಳಿಸಿದೆ. ಎರಡು ವಾರದ ಮೇಲೆ ನಾನೇ ಅವರ ಊರಿಗೆ ಹೋದೆ. ಗೋಡೆಯ ಮೇಲೆ ಪತ್ರಿಕೆ ಅಂಟಿಸಿತ್ತು. ದೂರ 8 ಅಡಿ. ಮೊದಲು ನೆನೆಸಿದ್ದ ಗೋಡೆ ಕನ್ನಡಿ ಪರೀಕ್ಷೆಯಲ್ಲಿ ಫೇಲಾಗಿತ್ತು, ಪಶ್ಚಿಮದ ಕಿಟಕಿ ಪೂರ್ತಿ ಕಾಣುತ್ತಿತ್ತಂತೆ. ಇನ್ನೊಂದು ಗೋಡೆಯಲ್ಲಿ ಬಾಗಿಲಿಗೂ ಬೀರುವಿಗೂ ನಡುವೆ ಇದ್ದದ್ದು 3 ಅಡಿ 10 ಅಂಗುಲ. 50 ಅಂಗುಲದ ಟಿವಿಯ ಅಗಲ 3 ಅಡಿ 8 ಅಂಗುಲದೊಳಗೆ. ಅದೇ ಗೊತ್ತಾಯಿತು. 60 ಹರ್ಟ್ಸ್, ಗೇಮ್ ಮೋಡ್ ಇರುವುದು, ಜತೆಗೆ ಎರಡು ಸ್ಪೀಕರು. ಒಂದೂವರೆ ಲಕ್ಷದ ಪಟ್ಟಿ 50 ಸಾವಿರದೊಳಗೆ ಇಳಿಯಿತು.

ಕನ್ಸೋಲಿನ ವಿಷಯದಲ್ಲಿ ಹುಡುಗ ಇನ್ನೂ ಆಸೆ ಬಿಟ್ಟಿಲ್ಲ. ಬಿಡಬೇಕು ಎಂದು ನಾನೂ ಹೇಳಲಿಲ್ಲ. ಆಟ ಆಡುವುದು ಪಾಪವೇನಲ್ಲ. ನಿಜ ಹೇಳಬೇಕೆಂದರೆ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಆಡುವುದಕ್ಕಿಂತ ಹಾಲಿನ ಟಿವಿಯಲ್ಲಿ ಆಡುವುದು ಮೇಲು. 25 ಸೆಂ.ಮೀ. ದೂರದ ಮೊಬೈಲಿಗೆ ಕಣ್ಣಿನ ಮಸೂರ 4 ಡಯಾಪ್ಟರಿನಷ್ಟು ಶ್ರಮಪಡಬೇಕು, ಎರಡೂವರೆ ಮೀಟರ್ ದೂರದ ಟಿವಿಗೆ 0.4ರಷ್ಟು ಸಾಕು. ಜತೆಗೆ ಮಗ ಏನು ಆಡುತ್ತಿದ್ದಾನೆ ಎಂಬುದು ಎಲ್ಲರಿಗೂ ಕಾಣುತ್ತದೆ. ಹತ್ತನೇ ತರಗತಿ ಮುಗಿದ ಮೇಲೆ ನೋಡೋಣ ಎಂದು ಅಪ್ಪ ಮಗ ಒಪ್ಪಿಕೊಂಡಿದ್ದಾರೆ. ಆ ಮಾತನ್ನು ಅಪ್ಪ ಉಳಿಸಿಕೊಳ್ಳಬೇಕು ಎಂದು ಹುಡುಗನ ಎದುರಿಗೇ ಹೇಳಿ ಬಂದಿದ್ದೇನೆ.

ಹೊರಡುವಾಗ ಅಜ್ಜಿಯನ್ನು ಕೇಳಿದೆ, “ಟಿವಿ ಹೆಂಗೈತಮ್ಮ?” ಎಂದು. “ಮಾತು ಕೇಳ್ತೈತೆ ಮೇಷ್ಟ್ರೇ” ಎಂದರು.

ಅಂಗಡಿಗೆ ಹೋಗುವ ಮುನ್ನ (ಕತ್ತರಿಸಿಟ್ಟುಕೊಳ್ಳಿ)

1. ಕೂರುವ ಜಾಗದಿಂದ ಗೋಡೆಗೆ ಎಷ್ಟು ಅಂಗುಲ? 1.6ರಿಂದ ಮತ್ತು 2.5ರಿಂದ ಭಾಗಿಸಿ.
2. ಪತ್ರಿಕೆ ಅಂಟಿಸಿ ಎರಡು ದಿನ ನೋಡಿ. ಬಾಗಿಲು, ಬೀರು, ಕಣ್ಣಿನ ಎತ್ತರ ಸರಿಯಿದೆಯೇ?
3. ಸಂಜೆ ನಾಲ್ಕಕ್ಕೆ ಕನ್ನಡಿ ಪರೀಕ್ಷೆ.
4. ಚಪ್ಪಾಳೆ ಪರೀಕ್ಷೆ. ಹಿರಿಯರಿಗೆ ಮಾತು ಕೇಳುತ್ತದೆಯೇ ಎಂದು ಅವರನ್ನೇ ಕೇಳಿ.
5. ಮನೆಗೆ ಬರುವ ಚಿತ್ರ ಯಾವುದು, ಅಂತರಜಾಲದ ವೇಗ ಎಷ್ಟು?
6. ಆಟಕ್ಕಾದರೆ ಗೇಮ್ ಮೋಡ್, ನಿಜವಾದ ಹರ್ಟ್ಸ್, ಎಚ್‌ಡಿಎಂಐ ಎಷ್ಟನೆಯದು?
7. ಕರೆಂಟಿನ ಬಿಲ್ಲು, ಇನ್ವರ್ಟರಿನ ಸಾಮರ್ಥ್ಯ, ಅರ್ಥಿಂಗ್.
8. ಪೂರ್ತಿ ಹಣಕ್ಕೂ ಕಂತಿಗೂ ವ್ಯತ್ಯಾಸ ಎಷ್ಟು?